ಎಮ್ಡನ್‌ನ ನಾಲ್ಕನೇ ಚಿಮಣಿ

ಕೊನೆಗೂ ನನ್ನ ಎಮ್ಡನ್ ಹಡಗಿನ ಪ್ಲಾಸ್ಟಿಕ್ ಮಾಡೆಲ್ ಮುಗೀತು. ಮುಗೀತು ಅಂದ್ರೆ ಪೂರ್ತಿ ಅಲ್ಲ, ಅದನ್ನ ಆಮೇಲೆ ಹೇಳ್ತೀನಿ. 1/350 ಸ್ಕೇಲ್ ಕಿಟ್, ಅಂದ್ರೆ ನಿಜವಾದ ಹಡಗಿನ 350ರಲ್ಲಿ ಒಂದು ಭಾಗ, ಹಾಗಾಗಿ 118 ಮೀಟರ್ ಉದ್ದದ ಜರ್ಮನ್ ಕ್ರೂಸರ್ (ಒಂದು ಥರದ ಯುದ್ಧನೌಕೆ) ನನ್ನ ಟೇಬಲ್ ಮೇಲೆ 34 ಸೆಂಟಿಮೀಟರ್, ಸ್ಕೂಲ್ ಮಕ್ಕಳ ಪಟ್ಟಿಗಿಂತ ನಾಲ್ಕು ಸೆಂಟಿಮೀಟರ್ ಉದ್ದ ಅಷ್ಟೇ. ಯುದ್ಧನೌಕೆ ಮಾಡೆಲ್ ಅಂದ್ರೆ ಎಲ್ರೂ ಬಿಸ್ಮಾರ್ಕ್, ಯಮಾಟೊ ಥರದ ದೈತ್ಯ ಹಡಗುಗಳ ಹಿಂದೆನೇ ಬೀಳೋದು, ನಾನೂ ಬಿದ್ದಿದೀನಿ, ಆದ್ರೆ ಎಮ್ಡನ್ ನಮ್ಮ ಕಡೆ ಬಂದು ಹೋದ ಹಡಗು. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿಗೆ ಬಂದು ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಕತ್ತಲಲ್ಲಿ ಮಾಯ ಆಯ್ತು, ಜನ ಹೆದ್ರಿ ಊರು ಬಿಟ್ಟು ಓಡಿದ್ರು. ಗುಂಡು ಬಿದ್ದ ಜಾಗದ ನೆನಪಿಗೆ ಹೈಕೋರ್ಟ್ ಕಾಂಪೌಂಡಲ್ಲಿ ಒಂದು ಫಲಕ ಇವತ್ತಿಗೂ ಇದೆ.

ಮೊದಲ ತಲೆನೋವು ಬಣ್ಣ. ಮೊದಲ ಮಹಾಯುದ್ಧಕ್ಕೆ ಮುಂಚೆ ಚೀನಾದ ಚಿಂಗ್ಟಾವ್‌ನಲ್ಲಿದ್ದಾಗ ಅದು ಬಿಳಿ ಹಡಗು, 'ಪೂರ್ವದ ಹಂಸ' ಅಂತಿದ್ರಂತೆ. ಯುದ್ಧ ಶುರುವಾದ್ಮೇಲೆ ಬೂದು. ಬಿಳಿ ನೋಡೋಕೆ ಚೆಂದ, ಆದ್ರೆ ನನಗೆ ಬೇಕಿದ್ದದ್ದು ಮದ್ರಾಸ್ ಆದ್ಮೇಲಿನ ಎಮ್ಡನ್, ಸೋ ಬೂದು. ಡಬ್ಬಿಯಿಂದ ನೇರ ಬಳಿದ್ರೆ ಇಷ್ಟು ಚಿಕ್ಕ ಹಡಗಿನ ಮೇಲೆ ಕಪ್ಪಾಗಿ ಕಾಣತ್ತೆ, ದೂರದಿಂದ ನೋಡಿದ ಹಾಗೆ ಅನಿಸ್ಬೇಕು ಅಂದ್ರೆ ಬಿಳಿ ಬೆರೆಸಿ ತಿಳಿ ಮಾಡ್ಲೇಬೇಕು. ಪ್ರೈಮರ್, ಬೂದು, ಆಮೇಲೆ ತೆಳ್ಳಗೆ ಮಾಡಿದ ಕಪ್ಪು-ಕಂದು ಆಯಿಲ್ ಪೇಂಟ್ ಮೂಲೆಮೂಲೆಗೂ ಹರಿಸಿದೆ. ಇದರಲ್ಲಿ ಧಾರಾಳವಾಗಿ ಕೊಳಕು ಮಾಡ್ಬೋದು, ಯಾಕಂದ್ರೆ ಎಮ್ಡನ್‌ಗೆ ಬಂದರೇ ಇರ್ಲಿಲ್ಲ, ಸಮುದ್ರದ ಮಧ್ಯೆನೇ ಬೇರೆ ಹಡಗನ್ನ ಪಕ್ಕಕ್ಕೆ ಕಟ್ಕೊಂಡು ಕಲ್ಲಿದ್ದಲು ತುಂಬಿಸ್ಕೋಬೇಕಿತ್ತು, ಡೆಕ್ ಮೇಲೆಲ್ಲ ಇದ್ದಲು, ಅಲೆಗೆ ಎರಡೂ ಹಡಗು ಒಂದಕ್ಕೊಂದು ಗುದ್ದಿ ಪಕ್ಕ ಎಲ್ಲ ತರಚಿ ಹೋಗಿರೋದು. ಅದಕ್ಕೇ ಒಂದು ಬದೀಲಿ ರೇಲಿಂಗ್ ಬೇಕಂತಲೇ ಸೊಟ್ಟ ಮಾಡಿದೆ. (ಇನ್ನೊಂದು ಬದಿಯದು ತಾನಾಗೇ ಸೊಟ್ಟ ಆಯ್ತು. ಮೂರು ಮಿಲಿಮೀಟರ್ ಎತ್ತರದ ಹಿತ್ತಾಳೆ ರೇಲಿಂಗ್‌ಗೆ ಸೂಪರ್ ಗ್ಲೂ ಹಚ್ಚಿ ನೋಡಿ, ಗೊತ್ತಾಗತ್ತೆ.) ಹಗ್ಗಗಳಿಗೆ ಕಿಟ್‌ನ ಉಳಿದ ಪ್ಲಾಸ್ಟಿಕ್ ಕಡ್ಡೀನ ಮೇಣದ ಬತ್ತಿ ಮೇಲೆ ಬಿಸಿ ಮಾಡಿ ಎಳೆದ್ರೆ ಕೂದಲಿನಂಥ ಎಳೆ ಬರತ್ತೆ, ಫ್ಯಾನ್ ಆಫ್ ಮಾಡಿರ್ಬೇಕು.

ಆದ್ರೆ ನನ್ನ ಜೀವ ತಿಂದಿದ್ದು ನಾಲ್ಕನೇ ಚಿಮಣಿ. ಎಮ್ಡನ್‌ಗೆ ಇದ್ದಿದ್ದು ಮೂರೇ. ಬ್ರಿಟಿಷರ ಯಾರ್ಮತ್ ಹಡಗಿಗೆ ನಾಲ್ಕು. ದೂರದಿಂದ ಯಾರ್ಮತ್ ಥರ ಕಾಣ್ಲಿ ಅಂತ ಎಮ್ಡನ್‌ನವರು ಕ್ಯಾನ್ವಾಸ್‌ನಲ್ಲೇ ಒಂದು ಸುಳ್ಳು ಚಿಮಣಿ ಮಾಡ್ಕೊಂಡ್ರು. ಮೊದಲನೇದು ಚಪ್ಪಟೆ ಬಟ್ಟೆ, ಪಕ್ಕದಿಂದ ಸರಿ, ಮುಂದಿನಿಂದ ನೋಡಿದ್ರೆ ಇಲ್ವೇ ಇಲ್ಲ. ಆಮೇಲೆ ಮರದ ಚೌಕಟ್ಟು ಕಟ್ಟಿ ಇನ್ನೊಂದು ಮಾಡಿದ್ರು. ಅದನ್ನ ಏರಿಸ್ಕೊಂಡೇ ಅಕ್ಟೋಬರ್ 28ರ ನಸುಕಿನಲ್ಲಿ ಮಲಯಾದ ಪೆನಾಂಗ್ ಬಂದರಿಗೆ ನುಗ್ಗಿ ರಷ್ಯನ್ ಕ್ರೂಸರ್ ಜೆಮ್ಚುಗ್‌ನ ಮುಳುಗಿಸಿದ್ರು. ನವೆಂಬರ್ 9ಕ್ಕೆ ಹಿಂದೂ ಮಹಾಸಾಗರದ ಕೊಕೊಸ್ ದ್ವೀಪದ ಟೆಲಿಗ್ರಾಫ್ ಸ್ಟೇಷನ್‌ನವರು ಮಾತ್ರ ಚಿಮಣಿ ನಕಲಿ ಅಂತ ಕಂಡುಹಿಡಿದು ಸುದ್ದಿ ಮುಟ್ಟಿಸಿಬಿಟ್ರು, ಆಸ್ಟ್ರೇಲಿಯಾದ ಸಿಡ್ನಿ ಹಡಗು ಬಂದು ಎಮ್ಡನ್ ಕತೆ ಮುಗಿಸ್ತು.

ನಾನು ಮೊದಲು ಪ್ಲಾಸ್ಟಿಕ್ ಕೊಳವೆ ಕತ್ತರಿಸಿ ಬೂದು ಬಳಿದು ಇಟ್ಟೆ. ನೀಟಾಗಿ ಬಂತು, ಅದೇ ಪ್ರಾಬ್ಲಂ, ಪಕ್ಕದ ಮೂರು ನಿಜವಾದವಕ್ಕಿಂತ ಇದೇ ನಿಜ ಅನ್ನೋ ಹಂಗಿತ್ತು! ಕಿತ್ತೆಸೆದೆ. ತೆಳ್ಳನೆ ಕಡ್ಡಿಗಳ ಚೌಕಟ್ಟು ಮಾಡಿ, ಟಿಶ್ಯೂ ಪೇಪರನ್ನ ನೀರು ಬೆರೆಸಿದ ಫೆವಿಕಾಲಲ್ಲಿ ಅದ್ದಿ ಸುತ್ತಿದೆ, ಒಣಗಿದಾಗ ಅಲ್ಲಲ್ಲಿ ಸುಕ್ಕು, ಸ್ವಲ್ಪ ಜೋಲು. ಬಣ್ಣಾನೂ ಉಳಿದವಕ್ಕಿಂತ ಒಂದು ಚೂರು ಬೇರೆ.

"ಇದೊಂದು ಯಾಕೋ ಮುದುರಿದೆ?" ಅಂದ್ರು ಅಮ್ಮ.

"ಅದು ಸುಳ್ಳು ಚಿಮಣಿ ಕಣಮ್ಮ."

"ಇದೆಲ್ಲಾನೂ ಸುಳ್ಳೇ ಅಲ್ವೇನೋ."

ಎಮ್ಡನ್‌ನವರೂ ಬೇಕಾದಾಗ ಏರಿಸಿ ಇಳಿಸ್ತಿದ್ರಲ್ಲ ಅಂತ ಅದನ್ನ ಅಂಟಿಸ್ಲಿಲ್ಲ, ಸುಮ್ನೆ ಕೂರಿಸಿದ್ದೆ. ಭಾನುವಾರ ಧೂಳು ಒರೆಸುವಾಗ ಅಮ್ಮ ಯಾವುದೋ ಕಾಗದದ ಚೂರು ಅಂತ ಕಸದ ಜೊತೆ ಹಾಕಿಬಿಟ್ಟಿದಾರೆ. ಈಗ ಮತ್ತೆ ಟಿಶ್ಯೂ, ಫೆವಿಕಾಲ್ ಹಿಡ್ಕೊಂಡು ಕೂತಿದೀನಿ.