ಸೇಶೆಲ್ಸ್‌ನ ಕ್ಯೂರಿಯೂಸ್ ದ್ವೀಪದಲ್ಲಿ ದೈತ್ಯ ಆಮೆಗಳ ಜೊತೆ

ಸೇಶೆಲ್ಸ್ ಅಂದ್ರೆ ಎಲ್ರಿಗೂ ಹನಿಮೂನು, ಬೀಚು ಅಷ್ಟೇ ನೆನಪಾಗೋದು, ನಾವು ಹೋಗಿದ್ದು ಮಾತ್ರ ಆಮೆ ನೋಡೋಕೇ ಅಂತ. ಪ್ರಾಲಿನ್ ದ್ವೀಪದಿಂದ ಬೋಟ್ ಹತ್ತಿದ್ರೆ ಎದುರಿಗೇ ಕಾಣೋ ಕ್ಯೂರಿಯೂಸ್‌ಗೆ ಸ್ವಲ್ಪ ಹೊತ್ತಲ್ಲೇ ಹೋಗ್ಬಿಡ್ತೀವಿ. ಕೆಂಪು ಮಣ್ಣಿನ ಗುಡ್ಡ, ಹೋಟೆಲ್ ಇಲ್ಲ, ಊರಿಲ್ಲ, ಇರೋದು ರೇಂಜರ್‌ಗಳು ಮತ್ತೆ ಆಮೆಗಳು.

ಬೋಟ್ ಇಳಿದು ಮರಳು ದಾಟಿದ್ರೆ ಸಾಕು, ಮರದ ನೆರಳಲ್ಲಿ ಅಲ್ಲಲ್ಲಿ ಮಲಗಿರ್ತವೆ. ಇವು ಅಲ್ಡಾಬ್ರಾ ದೈತ್ಯ ಆಮೆಗಳು, ದೊಡ್ಡ ಗಂಡು 250 ಕೆಜಿ ತನಕ ತೂಗುತ್ತೆ. ಹತ್ರ ಹೋದ ತಕ್ಷಣ ಒಂದು ಆಮೆ ಬುಸ್ ಅಂತ ಉಸಿರು ಬಿಟ್ಟು ತಲೆ ಒಳಗೆ ಎಳ್ಕೊಳ್ತು, ಆಮೇಲೆ ನಿಧಾನಕ್ಕೆ ಕತ್ತು ಹೊರಗೆ ಬಂತು. ರೇಂಜರ್ ಹೇಳಿದ ಹಾಗೆ ಕತ್ತಿನ ಕೆಳಗೆ ಮೆಲ್ಲಗೆ ಸವರಿದೆ ನೋಡಿ, ನಾಲ್ಕೂ ಕಾಲು ನೆಟ್ಟಗೆ ಮಾಡಿ ಎದ್ದು ನಿಂತು ಕತ್ತು ಪೂರ್ತಿ ಮೇಲೆ ಚಾಚಿ ಹಾಗೇ ನಿಂತ್ಬಿಡ್ತು! ಚರ್ಮ ಒರಟು, ಸುಕ್ಕು ಸುಕ್ಕು, ಆದ್ರೆ ಕತ್ತಿನ ಹತ್ರ ಎಷ್ಟು ಮೆತ್ತಗೆ ಅಂತೀರಾ.

ಇವನ್ನ ಗಲಾಪಗೋಸ್ ಆಮೆ ಜೊತೆ ತುಂಬಾ ಜನ ಕನ್‌ಫ್ಯೂಸ್ ಮಾಡ್ಕೋತಾರೆ. ಕತ್ತಿನ ಮೇಲ್ಗಡೆ ಚಿಪ್ಪಿನ ಅಂಚಲ್ಲಿ ನಟ್ಟನಡುವೆ ಒಂದು ಪುಟ್ಟ ಬಿಲ್ಲೆ ಇದ್ರೆ ಅದು ಅಲ್ಡಾಬ್ರಾದ್ದು, ಗಲಾಪಗೋಸ್ ಆಮೆಗೆ ಅದು ಇರಲ್ಲ.

ಈಗ ಬೇಜಾರಿನ ವಿಷಯ. ಹಿಂದೂ ಮಹಾಸಾಗರದ ಎಷ್ಟೋ ದ್ವೀಪಗಳಲ್ಲಿ ದೈತ್ಯ ಆಮೆ ಇದ್ವು, ಮಾರಿಷಸ್, ರಿಯೂನಿಯನ್, ರಾಡ್ರಿಗಸ್ ಮೂರೂ ಸೇರಿ ಐದು ಜಾತಿ. ಊಟ ನೀರಿಲ್ದೆ ತಿಂಗಳುಗಟ್ಲೆ ಬದುಕ್ತವೆ ಅನ್ನೋ ಒಂದೇ ಕಾರಣಕ್ಕೆ ನಾವಿಕರು ಜೀವಂತ ಹಡಗಿಗೆ ತುಂಬ್ಕೊಂಡು ಹೋಗಿ ದಾರಿಯುದ್ದಕ್ಕೂ ತಿಂದ್ರು, ಐದೂ ನಿರ್ನಾಮ, ಒಂದೂ ಉಳೀಲಿಲ್ಲ. ಕ್ಯೂರಿಯೂಸ್‌ನಿಂದ ಸಾವಿರ ಕಿಲೋಮೀಟರ್‌ಗೂ ಆಚೆ ಇರೋ ಅಲ್ಡಾಬ್ರಾ ಹವಳದ ದ್ವೀಪಕ್ಕೆ ಯಾರೂ ಸುಲಭಕ್ಕೆ ಹೋಗ್ತಿರ್ಲಿಲ್ಲ, ಅದಕ್ಕೇ ಅಲ್ಲಿನವು ಬಚಾವಾದ್ವು. ಇವನ್ನಾದ್ರೂ ಕಾಪಾಡಿ ಅಂತ 1874ರಲ್ಲಿ ಮಾರಿಷಸ್ ಗವರ್ನರ್‌ಗೆ ಹೋದ ಮನವಿಗೆ ಡಾರ್ವಿನ್ ಕೂಡ ಸಹಿ ಹಾಕಿದ್ರು. ಈಗ ಅಲ್ಡಾಬ್ರಾದಲ್ಲಿ ಸುಮಾರು 1 ಲಕ್ಷ ಆಮೆ ಇವೆ, ಕ್ಯೂರಿಯೂಸ್‌ಗೆ ತಂದು ಬಿಟ್ಟಿದ್ದೂ ಅಲ್ಲಿಂದಾನೇ, 1970ರ ದಶಕದ ಕೊನೇಲಿ ಶುರು ಮಾಡಿದ್ದು.

ನಂಗಂತೂ ಅಲ್ಲಿ ನಿಂತಾಗ ನಮ್ಮ ಕೋಲಾರದ ಕಡೆಯ ನಕ್ಷತ್ರ ಆಮೆನೇ ತಲೇಲಿ ಓಡ್ತಿತ್ತು. ಅದೂ ಇದೇ ನೆಲದ ಆಮೆ ಕುಟುಂಬದ್ದೇ, ಕಾಲು ಇದೇ ಥರ ಆನೆ ಕಾಲು, ಆದ್ರೆ ಗಾತ್ರ ತುಂಬಾ ಚಿಕ್ಕದು. ಚಿಪ್ಪಿನ ಮೇಲೆ ಹಳದಿ ಗೆರೆ ಚೆನ್ನಾಗಿದೆ ಅಂತ, ಅದೃಷ್ಟ ಬರುತ್ತೆ ಅಂತ ಹಿಡಿದು ಮಾರ್ತಾರೆ, ಬಟ್ಟೇಲಿ ಸುತ್ತಿ ಸೂಟ್‌ಕೇಸಲ್ಲಿ ವಿದೇಶಕ್ಕೆ ಸಾಗಿಸ್ತಾರೆ. ಮನೇಲಿ ಸಾಕೋದು ಅಪರಾಧ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೇಳಿದ್ರೆ ಹೊಟ್ಟೆ ಉರಿಯುತ್ತೆ.

ಮರಿಗಳ ನರ್ಸರಿ ನೋಡ್ಕೊಂಡು ಮ್ಯಾಂಗ್ರೋವ್ ಕಾಡಿನ ಮರದ ಸೇತುವೆ ಮೇಲೆ ದ್ವೀಪದ ಆ ಕಡೆಗೆ ನಡೆದ್ವಿ. ಅಲ್ಲಿ ಕುಷ್ಠರೋಗಿಗಳನ್ನ ಇಡ್ತಿದ್ದ ಕಾಲದ ಡಾಕ್ಟರ್ ಮನೆ ಈಗ ಮ್ಯೂಸಿಯಂ, ಊಟಾನೂ ಆ ಕಡೆನೇ. ಹೋಗೋರು ಚಪ್ಪಲಿ ಬಿಟ್ಟು ಶೂ ಹಾಕ್ಕೊಳ್ಳಿ, ದಾರಿ ಕಲ್ಲು ಕಲ್ಲು. ಆಮೆಗೆ ಬಿಸ್ಕೆಟ್ ಚಿಪ್ಸ್ ಏನೂ ಕೊಡ್ಬೇಡಿ, ಬೆನ್ನ ಮೇಲೆ ಮಕ್ಕಳನ್ನ ಕೂರಿಸ್ಬೇಡಿ, ತಿನ್ನಿಸಲೇಬೇಕು ಅನ್ಸಿದ್ರೆ ರೇಂಜರ್‌ನ ಕೇಳಿ ಅಲ್ಲೇ ಬಿದ್ದಿರೋ ಎಲೆ ಕೊಡಿ.