ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಗಳು: ಅಂಗಡಿಯಲ್ಲಿ ಕಲಿತದ್ದು
ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಲ್ಲಿ ಹೊಸದು ಮೇಲೋ ಹಳೆಯದು ಮೇಲೋ ಎಂದು ಕೋಲಾರದ ನಮ್ಮ ಔಷಧಿ ಅಂಗಡಿಗೆ ಬರುವವರು ಮೇಲಿಂದ ಮೇಲೆ ಕೇಳುತ್ತಾರೆ. ಮಾತ್ರೆ ಯಾವ ಕಾಯಿಲೆಗೆ ಎಂಬುದು ತಿಳಿಯುವ ತನಕ ಆ ಹೋಲಿಕೆಗೆ ಅರ್ಥವಿಲ್ಲ ಎಂಬುದು ಫಾರ್ಮಸಿಸ್ಟ್ ಕೆಲಸ ನನಗೆ ಕಲಿಸಿದ ಪಾಠ.

ಒಮ್ಮೆ ಒಬ್ಬ ಹುಡುಗ ಬಂದು, "ಅಣ್ಣಾ, ಅಮ್ಮನಿಗೆ ಪದೇ ಪದೇ ಸೂಜಿ ಚುಚ್ಚಿಸಿ ಸಾಕಾಗಿದೆ, ರಕ್ತ ಪರೀಕ್ಷೆ ಬೇಡದ ಮಾತ್ರೆ ಕೊಡಿ" ಎಂದ. ಚೀಟಿಯಲ್ಲಿ ಅಸೆನೊಕುಮರಾಲ್ ಇತ್ತು; ಅದು ವಾರ್ಫರಿನ್ ಗುಂಪಿನ ಹಳೆಯ ಮಾತ್ರೆ, ಆಗಾಗ ರಕ್ತ ಪರೀಕ್ಷೆ ಮಾಡಿಸಿ ಡೋಸ್ ಹೊಂದಿಸಬೇಕಾದದ್ದು. ಡಿಸ್ಚಾರ್ಜ್ ಕಾಗದ ತರಿಸಿ ನೋಡಿದರೆ, ಆಕೆಯ ಹೃದಯದಲ್ಲಿ ಲೋಹದ ಮೈಟ್ರಲ್ ವಾಲ್ವ್ ಕೂರಿಸಲಾಗಿತ್ತು. ಅಂಥವರಿಗೆ ಡಬಿಗಟ್ರಾನ್ ಎಂಬ ಹೊಸ ಮಾತ್ರೆ ಕೊಟ್ಟು ನೋಡಿದ ಅಧ್ಯಯನವನ್ನು ಹೆಪ್ಪುಗಟ್ಟುವಿಕೆ, ರಕ್ತಸ್ರಾವ ಎರಡೂ ಹೆಚ್ಚಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರುಮ್ಯಾಟಿಕ್ ಹೃದ್ರೋಗದ (ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಡುವ ಕಾಯಿಲೆ) ಜೊತೆಗೆ ಎದೆಬಡಿತದ ಲಯ ತಪ್ಪಿದವರಲ್ಲಿಯೂ ರಿವರಾಕ್ಸಬಾನ್ ಎಂಬ ಇನ್ನೊಂದು ಹೊಸ ಮಾತ್ರೆಗಿಂತ ವಾರ್ಫರಿನ್ ಗುಂಪಿನ ಹಳೆಯ ಮಾತ್ರೆಯೇ ಲೇಸೆಂದು 2022ರ ಅಧ್ಯಯನ ತೋರಿಸಿತು. ಇದನ್ನೆಲ್ಲ ಹುಡುಗನಿಗೆ ಬಿಡಿಸಿ ಹೇಳಿ, ಹಳೆಯ ಮಾತ್ರೆಯನ್ನೇ ಕೊಟ್ಟು ಕಳಿಸಿದೆ.

ಹಳೆಯ ಮಾತ್ರೆಯ ಕಷ್ಟವಿರುವುದು ಊಟದಲ್ಲಿ. ಅದು ವಿಟಮಿನ್ ಕೆ ಕೆಲಸಕ್ಕೆ ಅಡ್ಡಬರುತ್ತದೆ. ಸೊಪ್ಪಿನಲ್ಲಿ ಆ ವಿಟಮಿನ್ ಹೇರಳ. ಬಸ್ಸಾರು, ಮಸ್ಸೊಪ್ಪು ಇಲ್ಲದೆ ಮುದ್ದೆ ಇಳಿಯದ ನಮ್ಮ ಸೀಮೆಯಲ್ಲಿ "ಸೊಪ್ಪು ಬಿಡಿ" ಎನ್ನುವುದು ಸುಮ್ಮನೆ ಬಾಯಿಮಾತು, ಅದರ ಅಗತ್ಯವೂ ಇಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಅದಕ್ಕೆ ತಕ್ಕಂತೆ ಡಾಕ್ಟರು ಡೋಸ್ ಹೊಂದಿಸುತ್ತಾರೆ. ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪು ಕಿತ್ತು ತಂದು ವಾರವಿಡೀ ಅದನ್ನೇ ಉಂಡಾಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ರಕ್ತ ಪರೀಕ್ಷೆಯ ಅಂಕಿ) ಇಳಿಯಬಹುದು, ಅಂದರೆ ಮಾತ್ರೆಯ ಪರಿಣಾಮ ತಗ್ಗಬಹುದು. ಮಂಡಿನೋವಿಗೆಂದು ನಡುವೆ ನುಂಗುವ ಡೈಕ್ಲೋಫಿನಾಕ್ ಅದಕ್ಕಿಂತ ಅಪಾಯಕಾರಿ. ಹಳೆಯ ಮಾತ್ರೆ, ಹೊಸ ಮಾತ್ರೆ ಯಾವುದರ ಜೊತೆಗಾದರೂ ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ವಾಲ್ವಿನ ತೊಂದರೆಯಿಲ್ಲದೆ ಲಯವಷ್ಟೇ ತಪ್ಪಿದವರಿಗೂ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಬಹುಪಾಲು ಜನರಿಗೂ ಹೊಸ ಮಾತ್ರೆಗಳು ನಿಜಕ್ಕೂ ಅನುಕೂಲ. ಆದರೆ ಅವುಗಳೊಳಗೂ ವ್ಯತ್ಯಾಸವಿದೆ. ಡಬಿಗಟ್ರಾನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ರಕ್ತದಲ್ಲಿ ಕ್ರಿಯಾಟಿನಿನ್ ಏರಿದ, ಅಂದರೆ ಮೂತ್ರಪಿಂಡ ಸೊರಗಿದ ವೃದ್ಧರಲ್ಲಿ ಎಚ್ಚರ ಬೇಕು; ಅಪಿಕ್ಸಬಾನ್ ಎಂಬ ಮತ್ತೊಂದು ಹೊಸ ಮಾತ್ರೆಯಲ್ಲಿ ಆ ಪಾಲು ಸುಮಾರು ಕಾಲುಭಾಗ ಮಾತ್ರ. ರಿವರಾಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳನ್ನು ಊಟದೊಂದಿಗೆ ತೆಗೆದುಕೊಳ್ಳದಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಪಿಕ್ಸಬಾನ್ ದಿನಕ್ಕೆರಡು ಬಾರಿಯ ಮಾತ್ರೆ. ರಾತ್ರಿಯದನ್ನು ಮರೆಯುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಸ ಮಾತ್ರೆಗಳ ಪರಿಣಾಮ ಬೇಗ ಇಳಿದುಹೋಗುತ್ತದೆ.

ಡಾಕ್ಟರೇ ಮಾತ್ರೆ ಬದಲಾಯಿಸಿದಾಗಲೂ ಹಳೆಯದನ್ನು ನಿಲ್ಲಿಸಿ, ಐಎನ್‌ಆರ್ ಸಾಕಷ್ಟು ಇಳಿದ ಮೇಲೆಯೇ ಹೊಸದನ್ನು ಆರಂಭಿಸಬೇಕು. ಆ ದಿನ ಯಾವುದೆಂದು ಚೀಟಿಯಲ್ಲಿ ಬರೆದಿರದಿದ್ದರೆ, ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡೇ ಮಾತ್ರೆ ಕೊಡುತ್ತೇನೆ.