ಜೈಲಿನಲ್ಲಿ ಓಟಿಲ್ಲ

ಕೋಲಾರದ ಕೋರ್ಟಿನ ಹತ್ತಿರ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಬೆಳಗ್ಗೆ ಹೊತ್ತು ವಕೀಲರ ಕೆಲಸ: ಜಾಮೀನು ಅರ್ಜಿ, ಅಫಿಡವಿಟ್ಟು, ಮೆಮೊ. ಸಾಯಂಕಾಲ ಪಾರ್ಟಿಯವರ ಫ್ಲೆಕ್ಸ್ ಡಿಸೈನು. ಮೂರೂ ಪಾರ್ಟಿಯವರು ಬರುತ್ತಾರೆ, ಮೂರೂ ಪಾರ್ಟಿಯವರು ಬಾಕಿ ಇಟ್ಟಿದ್ದಾರೆ.

ಫ್ಲೆಕ್ಸ್‌ಗಳಲ್ಲಿ ದೊಡ್ಡ ತಲೆನೋವು ಅಂದ್ರೆ ಜೈಲಿಂದ ಹೊರಬರೋ ಲೀಡರಿಗೆ ಸ್ವಾಗತ ಕೋರೋದು. ನಡುವೆ ಕೈಮುಗಿದ ನಾಯಕರು, ಹಿಂದೆ ಸಿಂಹ, ಮೇಲೆ 'ಸತ್ಯಮೇವ ಜಯತೇ'. ಕೆಳಗೆ ಸಾಲಾಗಿ ಕಾರ್ಯಕರ್ತರ ಪಾಸ್‌ಪೋರ್ಟ್ ಫೋಟೊ. ಜಗಳ ಶುರುವಾಗೋದೇ ಅಲ್ಲಿ. "ಅಣ್ಣಾ, ಅವನು ನಿನ್ನೆ ಮೊನ್ನೆ ಬಂದೋನು, ಅವನ ಫೋಟೊ ನನಗಿಂತ ದೊಡ್ಡದು ಯಾಕೆ ಹಾಕಿದ್ರಿ?" ಅಂತ ರಾತ್ರಿ ಹನ್ನೊಂದಕ್ಕೆ ಫೋನು. ಮಾರನೇ ದಿನ ಮೆಕ್ಕೆ ಸರ್ಕಲ್‌ನಲ್ಲಿ ಕ್ರೇನಿಂದ ಸೇಬಿನ ಹಾರ, ಸೈಲೆನ್ಸರ್ ಕಿತ್ತ ಬೈಕುಗಳು. ಕೇಸು ಏನಂತ ಯಾರೂ ಕೇಳಲ್ಲ. ಕೃಷ್ಣನ ಜನ್ಮಸ್ಥಾನಕ್ಕೆ ಹೋಗಿ ಬಂದಿದ್ದೇ ಟಿಕೆಟ್ ಕೇಳೋಕೆ ಒಂದು ಅರ್ಹತೆ.

ಇತ್ತೀಚೆಗೆ ಅದೇ ಕಂಪ್ಯೂಟರಲ್ಲಿ ಇನ್ನೊಂದು ಅರ್ಜಿ ಟೈಪ್ ಮಾಡಿದೆ. ಮಾಲೂರು ಕಡೆಯ ಒಬ್ಬ ಅಮ್ಮ, ಪ್ಲಾಸ್ಟಿಕ್ ಕವರಲ್ಲಿ ಪಹಣಿ, ಆಧಾರ್ ಇಟ್ಕೊಂಡು ಬಂದಿದ್ರು. ಮಗ ವಿಚಾರಣಾಧೀನ ಕೈದಿ. ಬ್ಯಾರಕ್‌ನಲ್ಲಿ ಹೊಡೆದಾಟ ಆಯ್ತಂತೆ, ಆಮೇಲಿಂದ ಅವನು ಬೇರೆ ಸೆಲ್. ಯಾವ ಜೈಲು ಅಂತ ಬರೆಯಲ್ಲ. "ಒಬ್ಬನ್ನೇ ಹಾಕವ್ರೆ ನಾಯ್ನಾ. ನೋಡೋಕೆ ಹೋದ್ರೆ ನನ್ನ ಹತ್ರ ಮಾತೇ ಆಡ್ಲಿಲ್ಲ, ಕೈ ಉಗುರು ನೋಡ್ಕೊಂಡು ಕೂತಿದ್ದ. ನಾನು ಹಸು ಕರು ಹಾಕ್ತು ಅಂದೆ. ಯಾವ ಹಸು ಅಂದ." ಮನೇಲಿರೋದು ಒಂದೇ ಹಸು.

ವಕೀಲರು ಹೇಳ್ತಾ ಹೋದರು, ನಾನು ಬಡಿಯುತ್ತಾ ಹೋದೆ. ಏಕಾಂತ ಸೆರೆ ಅನ್ನೋ ಶಿಕ್ಷೆಯನ್ನ ಕೋರ್ಟು ಮಾತ್ರ ಕೊಡಬಹುದು, ಅದೂ ಕಠಿಣ ಶಿಕ್ಷೆ ಆದವರಿಗೆ. ಒಟ್ಟು ಮೂರು ತಿಂಗಳು ಮೀರೋ ಹಾಗಿಲ್ಲ, ಒಂದೇ ಸಲಕ್ಕೆ 14 ದಿನ ಮೀರೋ ಹಾಗಿಲ್ಲ. ಐಪಿಸಿಯ 73, 74ನೇ ಕಲಮಿನಲ್ಲಿ ಇದ್ದದ್ದೇ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 11, 12 ಆಗಿ ಕೂತಿದೆ. ಹೆಸರು ಬದಲಾಯ್ತು, ಶಿಕ್ಷೆ ಹಾಗೇ ಉಳೀತು. ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳ ಲೆಕ್ಕದಲ್ಲಿ, ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಮನುಷ್ಯರ ಒಡನಾಟ ಇಲ್ಲದೆ ಇಟ್ಟರೆ ಅದು ಏಕಾಂತ ಸೆರೆ. ಸತತ 15 ದಿನ ದಾಟಿದರೆ ನಿಷಿದ್ಧ. ಇನ್ನು ಜೈಲಿನವರೇ ಶಿಸ್ತಿನ ಹೆಸರಲ್ಲಿ ಸೆಲ್‌ಗೆ ಹಾಕೋದಾದರೆ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು ಅಂತ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ.

ಹೇಳಿದ್ದೆಲ್ಲ ನಡೆಯುತ್ತೆ ಅಂತಲ್ಲ. ನಮ್ಮ ಬೆಳಗಾವಿಯ ಹಿಂಡಲಗಾ ಜೈಲನ್ನೇ ನೋಡಿ. ಅತ್ಯಾಚಾರ, ಕೊಲೆ ಕೇಸಲ್ಲಿ ಗಲ್ಲು ಶಿಕ್ಷೆಯಾಗಿದ್ದ ಉಮೇಶ್ ರೆಡ್ಡಿಯನ್ನ ಅಲ್ಲಿ 2006ರಿಂದ ಸುಮಾರು ಹತ್ತು ವರ್ಷ ಒಂಟಿ ಸೆಲ್ಲಿನಲ್ಲಿ ಇಟ್ಟಿದ್ದರು. ಅವನ ಅಪರಾಧ ನೆನೆಸಿಕೊಂಡರೆ ನನಗೂ ಮೈ ಉರಿಯುತ್ತೆ. ಆದರೂ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಕ್ಷಮಾದಾನದ ಅರ್ಜಿ ಇತ್ಯರ್ಥ ಆಗೋಕೆ ಮುಂಚೆಯೇ ಹಾಗೆ ಇಟ್ಟಿದ್ದು ಕಾನೂನಿಗೆ ವಿರುದ್ಧ ಅಂತ ಹೇಳಿ ಗಲ್ಲನ್ನ ಜೀವಾವಧಿಗೆ ಇಳಿಸಿತು, ಕನಿಷ್ಠ 30 ವರ್ಷ ಅಂತ. ಅಂಗಡಿಗೆ ಬರೋ ಕಾರ್ಯಕರ್ತರೆಲ್ಲ ತೀರ್ಪನ್ನ ಬೈದರು. ಹತ್ತು ವರ್ಷ ಕಾನೂನು ಮುರಿದವರು ಯಾರು ಅಂತ ಒಬ್ಬನೂ ಕೇಳಲಿಲ್ಲ.

ಜೈಲು ಅಂದ್ರೇನು ಅಂತ ಪಾರ್ಟಿಗಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರು ಸೆಂಟ್ರಲ್ ಜೈಲಲ್ಲೇ ಇದ್ದವರು. ಅದೇ ಜೈಲಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನ ಎಂಟು ತಿಂಗಳು ಇಟ್ಟಿದ್ದರು, ಆಸ್ತಮಾ ಇದ್ದ ಹೆಂಗಸನ್ನ, ಒಂಟಿ ಸೆಲ್ಲಿನಲ್ಲಿ. ಪೆರೋಲ್ ಸಿಕ್ಕ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಈಗ ಆ ಜಾಗ ಫ್ರೀಡಂ ಪಾರ್ಕ್. ಎಲ್ಲ ಪಾರ್ಟಿಯವರೂ ಧರಣಿಗೆ ಶಾಮಿಯಾನ ಹಾಕೋದು ಅಲ್ಲೇ.

ಆದರೂ ಒಳಗಿರೋರ ಬಗ್ಗೆ ಯಾವ ಪಾರ್ಟಿಯೂ ಯಾಕೆ ಬಾಯಿ ಬಿಡಲ್ಲ? ನನ್ನ ಪ್ರಕಾರ ಕಾರಣ ಸುಲಭ. ಜನಪ್ರಾತಿನಿಧ್ಯ ಕಾಯ್ದೆಯ 62(5)ರ ಪ್ರಕಾರ ಜೈಲಲ್ಲಿರೋನು ಓಟು ಹಾಕೋ ಹಾಗಿಲ್ಲ, ಮುಂಜಾಗ್ರತಾ ಬಂಧನದಲ್ಲಿ ಇರೋರನ್ನ ಬಿಟ್ಟು. ದೇಶದ ಕೈದಿಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಜನ ಇನ್ನೂ ತಪ್ಪಿತಸ್ಥರು ಅಂತ ತೀರ್ಮಾನ ಆಗದ ವಿಚಾರಣಾಧೀನರು, ಅವರಿಗೂ ಇಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಓಟು ಹಾಕೋಕೆ ಆಗದೋನು ಚುನಾವಣೆಗೆ ನಿಲ್ಲೋಕೂ ಆಗಲ್ಲ ಅಂದಿತು. ಎರಡು ತಿಂಗಳು ತುಂಬೋ ಮೊದಲೇ ಸಂಸತ್ತಿನ ಎರಡೂ ಸದನ ತಿದ್ದುಪಡಿ ಪಾಸು ಮಾಡಿದವು. ಕಂಬಿ ಎಣಿಸುತ್ತಲೇ ನಾಮಿನೇಷನ್ ಹಾಕಬಹುದು, ಅದೇ ಕಂಬಿಯ ಹಿಂದಿರೋನು ಓಟು ಹಾಕೋ ಹಾಗಿಲ್ಲ! ಕಾವೇರಿ, ಮೀಸಲಾತಿ ಅಂದ್ರೆ ಹಾವು ಮುಂಗುಸಿ ಥರ ಆಡೋರು ಇಲ್ಲಿ ಮಾತ್ರ ಒಂದಾದರು.

ಮೊನ್ನೆ ಕರಪತ್ರ ಮಾಡಿಸೋಕೆ ಬಂದ ಒಬ್ಬ ಯುವ ಮುಖಂಡನನ್ನ ಕೇಳಿದೆ, ಜೈಲಿನ ಬಗ್ಗೆ ಒಂದು ಸಾಲು ಸೇರಿಸೋಣವಾ ಅಂತ. "ಅಲ್ಲಿ ಎಷ್ಟು ಓಟಿದೆ ಅಣ್ಣಾ?" ಅಂದ. ತಮಾಷೆಗಲ್ಲ, ನಿಜವಾಗ್ಲೂ ಲೆಕ್ಕ ಕೇಳಿದ್ದು.

ಆ ಅಮ್ಮನ ಅರ್ಜಿಗೆ ಕೋರ್ಟು ಜೈಲಿಂದ ವರದಿ ಕೇಳಿದೆ, ತಾರೀಖು ಬಿದ್ದಿದೆ. ನಿಮ್ಮೋರು ಯಾರಾದ್ರೂ ಹೀಗೆ ಒಳಗಿದ್ದರೆ ವಕೀಲರ ಫೀಸಿಗೆ ಹೆದರಿ ಕೂರಬೇಡಿ. 15100ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈದಿಗೆ ವಕೀಲರು ಪುಕ್ಕಟೆ. ಅದೂ ಆಗದಿದ್ದರೆ ಕಾಗದ ಬರೀರಿ. 1979ರ ಆ ತೀರ್ಪು ಬಂದಿದ್ದೇ ತಿಹಾರ್ ಜೈಲಿಂದ ಸುನಿಲ್ ಬಾತ್ರಾ ಅನ್ನೋ ಕೈದಿ, ಇನ್ನೊಬ್ಬ ಕೈದಿಗೆ ಕೊಟ್ಟ ಚಿತ್ರಹಿಂಸೆ ಬಗ್ಗೆ ಜಡ್ಜಿಗೆ ಬರೆದ ಕಾಗದದಿಂದ. ಟೈಪ್ ಬೇಕಿದ್ದರೆ ನನ್ನ ಅಂಗಡಿಗೆ ಬನ್ನಿ, ಇಂಥದ್ದಕ್ಕೆ ದುಡ್ಡು ತಗೊಳ್ಳಲ್ಲ. ಬೆಳಗ್ಗೆ ಹೊತ್ತು ಬನ್ನಿ, ಸಾಯಂಕಾಲ ಫ್ಲೆಕ್ಸ್‌ನವರ ಗಲಾಟೆ.